ಹೇಳಿ ಮುಗಿದಿರಲಿಲ್ಲ

ನನ್ನ ಹೆಸರು ಆಂಬ್ರೋಸ್ ವೊಯ್ಟಾಸ್. ಕಾಗದದ ಮೇಲೆ ಎರಡೇ ಪದ. ಬಾಯಲ್ಲಿ ಹೇಳಬೇಕೆಂದರೆ ಒಳ್ಳೆಯ ದಿನಗಳಲ್ಲಿ ಐದಾರು ಸೆಕೆಂಡು ಹಿಡಿಯುತ್ತದೆ. ಕೆಟ್ಟ ದಿನಗಳಲ್ಲಿ ಎದುರಿಗಿದ್ದವರೇ ಊಹೆ ಮಾಡಿ ನನ್ನ ಹೆಸರನ್ನು ನನಗೆ ಹೇಳಿಕೊಡುತ್ತಾರೆ, ಅದೂ ತಪ್ಪಾಗಿ. ನಾಲ್ಕನೆಯ ವಯಸ್ಸಿನಲ್ಲಿ ಶುರುವಾದ ಉಗ್ಗು, ಐವತ್ತೇಳಾದರೂ ಬಿಟ್ಟಿಲ್ಲ. ಅಮೆರಿಕದ ಮಿಶಿಗನ್ ರಾಜ್ಯದ ಉತ್ತರ ಭಾಗದಲ್ಲಿ, ಟ್ಯಾಮರಾಕ್ ಎಂಬ ಊರಿನಲ್ಲಿ ಬೀಗದ ಕೆಲಸ ಮಾಡಿಕೊಂಡಿದ್ದೇನೆ. ಬೀಗದ ಜೊತೆ ಮಾತಾಡಬೇಕಾಗಿಲ್ಲ, ಅದಕ್ಕೇ ಆಂಬ್ರೋಸ್ ಈ ಕೆಲಸ ಹಿಡಿದ ಎಂದು ಊರಿನವರು ತಮಾಷೆ ಮಾಡುತ್ತಾರೆ. ತಮಾಷೆಯೇನಲ್ಲ, ನಿಜವೇ.

ಮದುವೆಯಾಗಲಿಲ್ಲ. ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಒಬ್ಬನೇ ಇದ್ದೇನೆ. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು, ಅದರಲ್ಲೂ ಅರ್ಧ ಬೆಕ್ಕಿಗೆ. ಬೆಕ್ಕಿನ ಜೊತೆ ಮಾತಾಡುವಾಗ ಉಗ್ಗು ಬರುವುದಿಲ್ಲ.

ಬೀಗ ತೆಗೆಯುವ ಕೆಲಸದಲ್ಲಿ ಒಂದು ಭಾಗ ಕೋರ್ಟಿನದು. ಬಾಡಿಗೆ ಕಟ್ಟದವರನ್ನು ಖಾಲಿ ಮಾಡಿಸಲು ಅಮೀನ ಬರುವಾಗ ಜೊತೆಗೆ ನಾನು ಹೋಗಬೇಕು. ಅವನು ಕಾಗದ ಓದುತ್ತಾನೆ, ನಾನು ಹಳೆಯ ಬೀಗ ಬಿಚ್ಚಿ ಹೊಸದು ಹಾಕುತ್ತೇನೆ. ಜನರ ಸಿಟ್ಟೆಲ್ಲ ಅಮೀನನ ಮೇಲೆ ಇರಬೇಕಾದದ್ದು. ಆದರೆ ಕಾಗದ ಓದಿದವನ ಮುಖ ಮರೆತುಹೋಗುತ್ತದೆ, ಬೀಗ ಬದಲಾಯಿಸಿದವನ ಮುಖ ನೆನಪಿರುತ್ತದೆ. ಮೂರು ವರ್ಷದ ಹಿಂದೆ ಹಾಗೆ ನೆನಪಿಟ್ಟುಕೊಂಡವನೊಬ್ಬ ನನ್ನ ವ್ಯಾನಿನ ಹಿಂದೆ ಕಾದು ನಿಂತು, ಚಕ್ರ ಬಿಚ್ಚುವ ಕಬ್ಬಿಣದಿಂದ ನನ್ನ ಭುಜದ ಮೂಳೆ ಮುರಿದ. ಕೂಗಿಕೊಳ್ಳಬೇಕೆಂದು ಬಾಯಿ ತೆರೆದೆ. ಕೂಗೂ ಬರಲಿಲ್ಲ. ಪಕ್ಕದ ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಅವರಿಗೆ ಏನೂ ಕೇಳಿಸಲಿಲ್ಲ.

ಮೂಳೆ ಕೂಡಿಕೊಂಡ ಮೇಲೆ ಎರಡು ಕೆಲಸ ಮಾಡಿದೆ. ಮೊದಲನೆಯದು, ವ್ಯಾನಿನ ಮೇಲಿದ್ದ ನನ್ನ ಹೆಸರನ್ನೂ ಬೀಗದ ಚಿತ್ರವನ್ನೂ ಕೆರೆದು ತೆಗೆದದ್ದು. ಎರಡನೆಯದು, ಪಿಸ್ತೂಲಿನ ಲೈಸೆನ್ಸಿಗಾಗಿ ತರಗತಿಗೆ ಸೇರಿಕೊಂಡದ್ದು.

ತರಗತಿ ನಡೆಸುತ್ತಿದ್ದವರು ಹಾರ್ಲನ್ ಟೀಗ್ ಎಂಬ ನಿವೃತ್ತ ಪೊಲೀಸ್. ವಯಸ್ಸು ಎಪ್ಪತ್ತೆರಡು, ದೊಡ್ಡ ಮೈ, ಮೆಲುದನಿ. ಗುಂಡು ಹೊಡೆಯುವುದನ್ನು ಕಲಿಸಿದ್ದಕ್ಕಿಂತ ಹೆಚ್ಚು ಹೊತ್ತನ್ನು ಅವರು ಒಂದೇ ಒಂದು ವಿಷಯಕ್ಕೆ ಕೊಟ್ಟರು.

"ಪೊಲೀಸ್ರು ನಿಮ್ಮನ್ನ ನಿಲ್ಸಿದ್ರು ಅಂದ್ರೆ ತಕ್ಷಣ ಹೇಳ್ಬೇಕು. ನನಗೆ ಲೈಸೆನ್ಸ್ ಇದೆ, ಮೈಮೇಲೆ ಪಿಸ್ತೂಲ್ ಇದೆ ಅಂತ. ಅದೇ ಮೊದಲ್ನೇ ಮಾತು. ಹೆಸ್ರು ಆಮೇಲೆ, ಚಳಿ ಜಾಸ್ತಿ ಅನ್ನೋದು ಆಮೇಲೆ, ನಾನೇನ್ ತಪ್ಪು ಮಾಡ್ದೆ ಅನ್ನೋದು ಆಮೇಲೆ. ಇದು ನಮ್ಮ ರಾಜ್ಯದ ಕಾನೂನು. ಕಾನೂನು ಇಲ್ದೇ ಇದ್ರೂ ನಾನು ಇದನ್ನೇ ಹೇಳ್ತಿದ್ದೆ. ಯಾಕಂದ್ರೆ ಆ ಕಡೆ ನಿಂತಿರೋನಿಗೂ ಹೆದ್ರಿಕೆ ಇರತ್ತೆ."

ನಾನು ಕೈ ಎತ್ತಿದೆ. ಹದಿನಾಲ್ಕು ಜನ ತಿರುಗಿ ನೋಡಿದರು.

"ಹ್… ಹ್… ಹೇಳಕ್… ಹೇಳಕ್ಕೆ ಆಗ್ದೇ ಇದ್ರೆ?"

ಹಿಂದಿನ ಸಾಲಿನಿಂದ ಯಾರೋ, "ಇವ್ನು ಹೇಳಿ ಮುಗ್ಸೋ ಅಷ್ಟ್ರಲ್ಲಿ ಪೊಲೀಸ್ನೋರು ರಿಟೈರ್ ಆಗಿರ್ತಾರೆ ಬಿಡಿ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ನಗುವುದು ಸುಲಭ.

ಟೀಗ್ ನಗಲಿಲ್ಲ. ತರಗತಿ ಮುಗಿದು ಎಲ್ಲರೂ ಹೊರಟ ಮೇಲೆ ನನ್ನ ಹತ್ತಿರ ಬಂದು ಕೂತರು.

"ಒಂದು ಚೀಟಿ ಬರ್ದು ಜೇಬಲ್ಲಿ ಇಟ್ಕೊಂಡ್ರೆ ಹೇಗೆ?" ಎಂದರು. ಎಂದವರು ತಾವೇ ತಲೆ ಅಲ್ಲಾಡಿಸಿದರು. "ಬೇಡ, ಬೇಡ. ಮಾತಾಡ್ದೇ ಇರೋ ಮನುಷ್ಯ ಜೇಬಿಗೆ ಕೈ ಹಾಕ್ದ ಅಂದ್ರೆ… ಬೇಡ." ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು. "ವ್ಯಾನಲ್ಲಿ ಇದ್ರೆ ಗಾಜಿನ ಹತ್ರ ಅಂಟಿಸ್ಕೊಬೋದು. ಹೊರ್ಗಡೆ ಇದ್ರೆ ಬಾಯಲ್ಲೇ ಹೇಳ್ಬೇಕಾಗತ್ತೆ. ಶನಿವಾರ ಎರಡು ಗಂಟೆಗೆ ಬಾ. ಅಭ್ಯಾಸ ಮಾಡೋಣ."

"ನ್… ನಿಮ್ಗೆ ತೊಂ…"

"ತೊಂದ್ರೆ ಏನಿಲ್ಲ. ನಂಗೇನ್ ಕೆಲ್ಸ ಇದೆ ಅನ್ಕೊಂಡಿದೀಯ?"

ಅವರಿಗೆ ನಿಜಕ್ಕೂ ಕೆಲಸವಿರಲಿಲ್ಲ. ಹೆಂಡತಿ ಆರೈಕೆ ಮನೆಯಲ್ಲಿದ್ದಳು, ಗಂಡನ ಗುರುತೂ ಸಿಗದ ಸ್ಥಿತಿಯಲ್ಲಿ. ಮಧ್ಯಾಹ್ನ ಒಂದರವರೆಗೆ ಅವಳ ಪಕ್ಕ ಕೂತು, ಊಟ ಮಾಡಿಸಿ, ಆಮೇಲೆ ನನ್ನ ಹತ್ತಿರ ಬರುತ್ತಿದ್ದರು. ಗುಂಡು ಹೊಡೆಯುವ ಮೈದಾನದ ಹಿಂದೆ ಜಲ್ಲಿ ಹಾಸಿದ ಖಾಲಿ ಜಾಗವಿತ್ತು. ನಾನು ಒಮ್ಮೆ ವ್ಯಾನಿನಲ್ಲಿ ಕೂತಿರುತ್ತಿದ್ದೆ, ಒಮ್ಮೆ ಬಯಲಲ್ಲಿ ನಿಂತಿರುತ್ತಿದ್ದೆ. ಅವರು ದೂರದಿಂದ ಪೊಲೀಸರ ಹಾಗೆ ನಡೆದು ಬರುತ್ತಿದ್ದರು. ಪಿಸ್ತೂಲು ಮಾತ್ರ ಮನೆಯಲ್ಲೇ ಇರುತ್ತಿತ್ತು. ಮೊದಲ ಶನಿವಾರ ಹನ್ನೊಂದು ಸಲ ನಡೆದು ಬಂದರು. ಹನ್ನೊಂದು ಸಲವೂ ನಾನು ಅರ್ಧದಲ್ಲೇ ನಿಂತೆ.

ಪದಗಳನ್ನು ಯಾವ ಕ್ರಮದಲ್ಲಿ ಇಡಬೇಕು ಎಂದು ನಾವು ಬಹಳ ತಲೆ ಕೆಡಿಸಿಕೊಂಡೆವು. ಪಿಸ್ತೂಲ್ ಎನ್ನಲು ಹೋದರೆ ನನ್ನ ತುಟಿ ಅಂಟಿಕೊಂಡುಬಿಡುತ್ತದೆ. ಗನ್ ಎನ್ನೋಣವೆಂದರೆ ಗಂಟಲು ಮುಚ್ಚಿಕೊಳ್ಳುತ್ತದೆ.

"ಯಾವ್ದಾದ್ರೂ ಇರ್ಲಿ, ಅದನ್ನ ಮೊದ್ಲು ಹೇಳ್ಬೇಡ ಮಾರಾಯ" ಎಂದರು ಟೀಗ್. "ಅದನ್ನ ಹೇಳಿ ನಿಂತೋದ್ರೆ, ಕೇಳ್ದೋನಿಗೆ ಅದೊಂದೇ ಕೇಳ್ಸಿರತ್ತೆ. ಲೈಸೆನ್ಸಿಂದ ಶುರು ಮಾಡು. ನಿಂಗೆ 'ಲ' ಸುಲಭ ಅಲ್ವಾ?"

ಸುಲಭವೇ. ಹಾಗೆ ನಮ್ಮ ವಾಕ್ಯ ತಯಾರಾಯಿತು. ಆಫೀಸರ್, ನನಗೆ ಲೈಸೆನ್ಸ್ ಇದೆ, ಬಲಗಡೆ ಸೊಂಟದಲ್ಲಿ ಪಿಸ್ತೂಲ್ ಇದೆ, ನಾನೇನು ಮಾಡಲಿ ಹೇಳಿ.

ಒಂದು ಶನಿವಾರ ಟೀಗ್ ಬೇಸರಕ್ಕೋ ಏನೋ ನನ್ನ ಜೊತೆಜೊತೆಗೇ ಆ ಮಾತನ್ನು ಹೇಳಿದರು. ಇಬ್ಬರ ದನಿ ಕೂಡಿದಾಗ ನನ್ನ ಮಾತು ಎಲ್ಲೂ ತಡೆಯದೆ ನೀರಿನಂತೆ ಹರಿಯಿತು. ಉಗ್ಗುವವರಿಗೆಲ್ಲ ಹೀಗೇ ಎಂದು ನನಗೆ ಗೊತ್ತಿತ್ತು. ಶಾಲೆಯ ಪ್ರಾರ್ಥನೆಯಲ್ಲಿ ನಾನು ಎಲ್ಲರ ಜೊತೆ ಸರಾಗವಾಗಿ ಹೇಳುತ್ತಿದ್ದೆ. ಆದರೆ ಟೀಗ್ ಬೆರಗಾದರು. ಇನ್ನೊಮ್ಮೆ ಹೇಳಿಸಿದರು, ಮತ್ತೊಮ್ಮೆ ಹೇಳಿಸಿದರು. ಇಬ್ಬರು ವಯಸ್ಸಾದ ಗಂಡಸರು ಚಳಿಯಲ್ಲಿ ನಿಂತು ಒಂದೇ ದನಿಯಲ್ಲಿ ಪಿಸ್ತೂಲಿನ ಮಾತು ಹೇಳಿದ್ದೇ ಹೇಳಿದ್ದು.

"ಇದು ಚೆನ್ನಾಗಿದೆ" ಎಂದರು ಅವರು ಕೊನೆಗೆ. "ಆದ್ರೆ ನಿನ್ನ ನಿಲ್ಸೋ ಪೊಲೀಸ್ನೋನು ನಿನ್ ಜೊತೆ ಹೇಳಲ್ವಲ್ಲೋ."

ವಸಂತ ಬರುವ ಹೊತ್ತಿಗೆ ನಾನು ಒಬ್ಬನೇ ಆ ಮಾತನ್ನು ಹತ್ತರಲ್ಲಿ ಒಂಬತ್ತು ಸಲ ನಾಲ್ಕು ಸೆಕೆಂಡಿನಲ್ಲಿ ಹೇಳಬಲ್ಲವನಾಗಿದ್ದೆ. ನನ್ನ ಇಡೀ ಬದುಕಿನಲ್ಲಿ ಯಾರೂ ನನ್ನ ಜೊತೆ ನಿಂತು ಒಂದು ವಾಕ್ಯವನ್ನು ಹೀಗೆ ತಿದ್ದಿರಲಿಲ್ಲ. ಹಲವು ವರ್ಷಗಳ ಹಿಂದೆ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದ ಒಬ್ಬಳಿಗೆ ಹೇಳಬೇಕೆಂದು ಒಂದು ಮಾತನ್ನು ನಾನೇ ಕನ್ನಡಿಯ ಮುಂದೆ ತಿಂಗಳುಗಟ್ಟಲೆ ಕಲಿತಿದ್ದೆ. ಬಾಯಿಗೆ ಬರುವಷ್ಟರಲ್ಲಿ ಅವಳು ಊರು ಬಿಟ್ಟಿದ್ದಳು. ನಾನು ಸರಿಯಾಗಿ ಕಲಿತ ಮಾತೆಂದರೆ ಕೊನೆಗೆ ಇದೊಂದೇ ಆಯಿತು.

ಮೇ ತಿಂಗಳಲ್ಲಿ ಟೀಗರ ಹೆಂಡತಿ ತೀರಿಕೊಂಡಳು. ಜೂನಿನಲ್ಲಿ ಅವರು ಮನೆ ಮಾರಿ ಅರಿಜೋನಾದಲ್ಲಿರುವ ಮಗಳ ಹತ್ತಿರ ಹೊರಟರು. ಹೊರಡುವಾಗ ಕೈ ಕುಲುಕಿ, "ಆವಾಗಾವಾಗ ಫೋನ್ ಮಾಡ್ತಿರು" ಎಂದರು. ಯಾರಿಗೆ ಹೇಳುತ್ತಿದ್ದೇನೆ ಎಂಬುದು ಅವರಿಗೆ ಆ ಗಳಿಗೆ ಮರೆತುಹೋಗಿತ್ತು. ಅದು ನನಗೆ ಸಂತೋಷವನ್ನೇ ಕೊಟ್ಟಿತು.

ಅಕ್ಟೋಬರಿನ ಒಂದು ಗುರುವಾರ ಮಧ್ಯಾಹ್ನ ಮಿಸೆಸ್ ಪೆಲ್ಟಿಯೇ ಎಂಬಾಕೆ ಫೋನ್ ಮಾಡಿದಳು. ಎಂಬತ್ತು ದಾಟಿದ ಮುದುಕಿ, ಹಳೆಯ ಗಿರಾಕಿ. ಅವಳ ಮನೆಯ ಮುಂಬಾಗಿಲ ಬೀಗ ನಾನೇ ಹಾಕಿದ್ದು.

"ಆಂಬ್ರೋಸ್, ಬೀಗದ ಕೈ ಎಲ್ಲೋ ಬೀಳಿಸ್ಕೊಂಡ್ಬಿಟ್ಟೆ ಕಣೋ. ಚರ್ಚಲ್ಲಿದೀನಿ, ಒಬ್ರು ಕಾರಲ್ಲಿ ಬಿಡ್ತಾರೆ. ನೀನು ಹೋಗಿ ಶುರು ಮಾಡ್ಕೊ, ಹತ್ತು ನಿಮಿಷದಲ್ಲಿ ಬರ್ತೀನಿ. ಈ ಗಾಳೀಲಿ ನಂಗೆ ಹೊರ್ಗಡೆ ನಿಲ್ಲಕ್ಕಾಗಲ್ಲ."

ಮನೆಯವರು ಬರುವ ಮುಂಚೆ ಬೀಗಕ್ಕೆ ಕೈ ಹಾಕಬಾರದು ಎಂಬುದು ನಮ್ಮ ಕೆಲಸದ ನಿಯಮ. ನೀವು ಬನ್ನಿ, ಆಮೇಲೆ ಶುರು ಮಾಡುತ್ತೇನೆ ಎಂದು ಹೇಳಬೇಕಿತ್ತು. ಹೇಳಲು ಮಾತು ಬೇಕು, ಅದೂ ಫೋನಿನಲ್ಲಿ. "ಹೂಂ" ಎಂದೆ. ಲೈಸೆನ್ಸ್ ಸಿಕ್ಕ ದಿನದಿಂದ ಕೆಲಸಕ್ಕೆ ಹೋಗುವಾಗಲೆಲ್ಲ ಪಿಸ್ತೂಲು ಸೊಂಟದಲ್ಲಿರುತ್ತಿತ್ತು, ಅವತ್ತೂ ಇತ್ತು.

ಆ ಬೀದಿಯಲ್ಲಿ ಎದುರು ಮನೆಗೆ ಹೊಸಬರು ಬಂದಿದ್ದರು. ನಾನು ಅವರ ಕಣ್ಣಿಗೆ ಹೇಗೆ ಕಂಡಿರಬೇಕೆಂದು ಆಮೇಲೆ ಯೋಚಿಸಿದೆ. ಹೆಸರಿಲ್ಲದ ಬಿಳಿ ವ್ಯಾನು. ಟೋಪಿ ಹಾಕಿಕೊಂಡವನೊಬ್ಬ ಮುದುಕಿಯ ಬಾಗಿಲ ಮುಂದೆ ಮೊಣಕಾಲೂರಿ ಬೀಗದೊಳಗೆ ಕಡ್ಡಿ ಆಡಿಸುತ್ತಿದ್ದಾನೆ. ಅವರ ಜಾಗದಲ್ಲಿ ನಾನಿದ್ದರೂ ಪೊಲೀಸರನ್ನೇ ಕರೆಯುತ್ತಿದ್ದೆ. ಕರೆಯಲು ಬಾಯಿ ಬಂದಿದ್ದರೆ.

ಬೀಗದೊಳಗಿನ ಐದು ಪಿನ್ನುಗಳಲ್ಲಿ ನಾಲ್ಕು ತಮ್ಮ ಜಾಗದಲ್ಲಿ ಕೂತಿದ್ದವು, ಇನ್ನೊಂದು ಕೂತರೆ ಬಾಗಿಲು ತೆರೆಯುತ್ತಿತ್ತು. ಹಿಂದೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಮಿಸೆಸ್ ಪೆಲ್ಟಿಯೇ ಬಂದಳೆಂದುಕೊಂಡೆ.

"ಏಯ್! ಬಾಗಿಲ ಹತ್ರ ಇರೋನು! ಕೈ ತೋರ್ಸು! ಎರಡೂ ಕೈ!"

ಕಡ್ಡಿಯನ್ನು ಬೀಗದಲ್ಲೇ ಬಿಟ್ಟು ಎರಡೂ ಅಂಗೈಗಳನ್ನು ಬಾಗಿಲ ಮರಕ್ಕೆ ಒತ್ತಿದೆ. ತಿರುಗಲಿಲ್ಲ. ಟೀಗ್ ಕಲಿಸಿದ್ದೆಲ್ಲ ಸರಿಯಾಗಿ ನೆನಪಿತ್ತು. ಮೆಟ್ಟಿಲ ಮೇಲೆ ಬೂಟುಗಳ ಸದ್ದು, ಇಬ್ಬರದು.

"ಏನ್ ಮಾಡ್ತಿದೀಯ ಇಲ್ಲಿ?"

"ಆಫೀಸರ್, ನನಗೆ ಲ್—"

ಅಲ್ಲಿಗೆ ನಿಂತಿತು. ಯಾವತ್ತೂ ನನ್ನ ಕೈಬಿಡದಿದ್ದ 'ಲ' ಅವತ್ತು ನಾಲಿಗೆಯನ್ನು ಹಲ್ಲಿನ ಹಿಂದೆ ಅಂಟಿಸಿ ಹಿಡಿದುಕೊಂಡಿತು. ಉಗ್ಗು ಬಂದಾಗ ಏನಾಗುತ್ತದೆಂದು ಉಗ್ಗದವರಿಗೆ ಹೇಳುವುದು ಕಷ್ಟ. ಮಾತು ಮರೆತಿರುವುದಿಲ್ಲ. ಮಾತು ಬಾಯಲ್ಲೇ ಇರುತ್ತದೆ, ಇಡಿಯಾಗಿ, ಸಿದ್ಧವಾಗಿ. ಉಸಿರು ಮಾತ್ರ ಅದರ ಹಿಂದೆ ಬಂದು ನಿಂತು ತಳ್ಳುತ್ತಿರುತ್ತದೆ. ದವಡೆ ನಡುಗುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ.

"ಏನು? ಏನ್ ಗೊಣಗ್ತಿದೀಯ? ಇದು ನಿನ್ ಮನೇನಾ?"

"ಲ್… ಲ್…"

"ಕುಡ್ದಿದೀಯಾ?"

"ಬ್ರಾಂಟ್, ಒಂದ್ ನಿಮಿಷ ಸುಮ್ನಿರು." ಹೆಂಗಸಿನ ದನಿ. "ಸರ್, ನಿಮ್ಗೆ ಏನೋ ಹೇಳೋದಿದೆ ಅಲ್ವಾ? ಹೇಳಿ."

ನಾನು ತಲೆಯಾಡಿಸಿದೆ. ಕೈ ಮಾತ್ರ ಅಲುಗಿಸಲಿಲ್ಲ. ಬಾಗಿಲಿಗೆ ಬಳಿದ ಹಸಿರು ಬಣ್ಣ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು. ಅದರ ಮೇಲೆ ಕುಂಚದ ಒಂದು ಕೂದಲು ಅಂಟಿಕೊಂಡಿತ್ತು. ಅದನ್ನೇ ನೋಡುತ್ತ ತಳ್ಳಿದೆ, ತಳ್ಳಿದೆ. ಬರಲಿಲ್ಲ.

ಎಷ್ಟು ಹೊತ್ತಾಯಿತೋ ತಿಳಿಯದು. ಬ್ರಾಂಟ್‌ಗೆ ತಾಳ್ಮೆ ಮುಗಿಯಿತು. "ನಾನು ಇವನ್ನ ತಡಕ್ತೀನಿ" ಎಂದು ಹಿಂದಿನಿಂದ ನನ್ನ ಜಾಕೆಟ್ಟಿನ ಮೇಲೆ ಕೈ ಆಡಿಸಿದ. ಕೈ ಬಲಗಡೆ ಸೊಂಟಕ್ಕೆ ಬಂದು ನಿಂತಿತು.

"ಗನ್! ಗನ್ ಇದೆ!"

ಆಮೇಲಿನದು ಒಂದರ ಮೇಲೊಂದು ನಡೆದುಹೋಯಿತು. ನನ್ನ ಕೆನ್ನೆ ಕಾಲೊರೆಸುವ ಚಾಪೆಗೆ ಬಡಿಯಿತು. ಬೆನ್ನಿನ ಮೇಲೆ ಮೊಣಕಾಲು. ಮುರಿದು ಕೂಡಿದ ಭುಜ ಹಿಂದಕ್ಕೆ ತಿರುಚಿತು, ಬೇಡಿ ಬಿತ್ತು. ಪಿಸ್ತೂಲನ್ನು ಎಳೆದುಕೊಂಡದ್ದು ಗೊತ್ತಾಯಿತು. ಎಲ್ಲ ಮುಗಿದು, ಮೂವರೂ ಏದುಸಿರು ಬಿಡುತ್ತಿದ್ದಾಗ, ನನ್ನ ಬಾಯಿ ತೆರೆದುಕೊಂಡಿತು.

"ಲೈಸೆನ್ಸ್ ಇದೆ, ಬಲಗಡೆ ಸೊಂಟದಲ್ಲಿ ಪಿಸ್ತೂಲ್ ಇದೆ, ನಾನೇನು ಮಾಡಲಿ ಹೇಳಿ."

ಒಂದು ಅಕ್ಷರವೂ ತಡೆಯಲಿಲ್ಲ. ಚಾಪೆಯ ಧೂಳು ಬಾಯೊಳಗೆ ಹೋಯಿತು.

ಆಮೇಲೆ ಹೆಂಗಸು ನನ್ನ ಮುಖದ ಹತ್ತಿರ ಬಗ್ಗಿದಳು. ಐವತ್ತರ ಆಸುಪಾಸಿನವಳು, ತೋಳಿನ ಮೇಲೆ ಸಾರ್ಜೆಂಟ್ ಪಟ್ಟಿ, ಎದೆಯ ಮೇಲೆ ಮೇಹ್ಯೂ ಎಂದು ಹೆಸರು. "ಅಯ್ಯೋ ದೇವ್ರೇ" ಎಂದಳು, ಮೆಲ್ಲಗೆ. "ಇದನ್ನೇ ಹೇಳ್ತಿದ್ರಾ ನೀವು?"

ಅಷ್ಟರಲ್ಲಿ ಒಂದು ಕಾರು ಬಂದು ನಿಂತು, ಮಿಸೆಸ್ ಪೆಲ್ಟಿಯೇ ಕೋಲೂರಿಕೊಂಡು ಇಳಿದಳು.

"ಏನಿದು? ಯಾಕೆ ಅವನ ಮೇಲೆ ಕೂತಿದೀರಿ? ಅವ್ನು ಆಂಬ್ರೋಸ್! ನಾನೇ ಕರ್ಸಿದ್ದು ಅವನನ್ನ!" ಮೆಟ್ಟಿಲು ಹತ್ತಿ ಬಂದು ನನ್ನನ್ನೂ ಬೀಗವನ್ನೂ ನೋಡಿದಳು. "ಬಾಗ್ಲು ಇನ್ನೂ ತೆಗ್ದಿಲ್ವೇನೋ?"

ಬೇಡಿ ಬಿಚ್ಚಿದರು. ನನ್ನ ಜೇಬಿನಿಂದ ಲೈಸೆನ್ಸು ತೆಗೆದು ಕಾರಿನ ಕಂಪ್ಯೂಟರಿನಲ್ಲಿ ನೋಡಿದರು. ಎಲ್ಲ ಸರಿಯಾಗಿತ್ತು. ಕಳ್ಳನಲ್ಲ ಎಂದು ಗೊತ್ತಾದ ಮೇಲೂ ಬ್ರಾಂಟ್ ನನ್ನ ಕೈಗಳ ಮೇಲಿನ ಕಣ್ಣು ತೆಗೆದಿರಲಿಲ್ಲ. ಅವನಿಗೆ ಇಪ್ಪತ್ತೈದು ಇಪ್ಪತ್ತಾರು ಇರಬಹುದು. ಅವನು ಒಂದು ಕಾಗದ ಬರೆದು ನನಗೆ ಕೊಟ್ಟ. ಪೊಲೀಸರು ತಡೆದಾಗ ಶಸ್ತ್ರ ಇರುವುದನ್ನು ತಕ್ಷಣ ತಿಳಿಸಲಿಲ್ಲ ಎಂಬ ಆರೋಪ. ದಂಡ, ಆರು ತಿಂಗಳು ಲೈಸೆನ್ಸು ಅಮಾನತು.

"ನೀವು ಹೇಳ್ಲಿಲ್ಲ ಸರ್. ನಾನೇ ಹುಡ್ಕಿದ್ದು. ಕಾನೂನಲ್ಲಿ ತಕ್ಷಣ ಅಂತಿದೆ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಮೇಹ್ಯೂ ಪಕ್ಕದಲ್ಲೇ ನಿಂತಿದ್ದಳು. ಅವನನ್ನು ತಡೆಯಲಿಲ್ಲ. ಪಿಸ್ತೂಲನ್ನು ಅವರು ಒಯ್ದರು.

ಅವರು ಹೋದ ಮೇಲೆ ಮತ್ತೆ ಮೊಣಕಾಲೂರಿ ಕೂತು, ಐದೂ ಪಿನ್ನುಗಳನ್ನು ಮೊದಲಿಂದ ಕೂರಿಸಿ, ಬಾಗಿಲು ತೆಗೆದೆ. ಮಿಸೆಸ್ ಪೆಲ್ಟಿಯೇ ಒಳಗೆ ಹೋಗುತ್ತ, "ಇಷ್ಟು ಹೊತ್ತು ಗಾಳೀಲಿ ನಿಲ್ಸಿದ್ಯಲ್ಲೋ" ಎಂದಳು.

ದಂಡ ಕಟ್ಟಿ ಸುಮ್ಮನಿರಬಹುದಿತ್ತು. ಎಲ್ಲರೂ ಹಾಗೇ ಮಾಡುತ್ತಾರೆ. ವಿಚಾರಣೆ ಬೇಕೆಂದರೆ ಕೋರ್ಟಿಗೆ ಹೋಗಿ ಮಾತಾಡಬೇಕು. ಆ ಕಾಗದವನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಒಂದು ವಾರ ನೋಡಿದೆ. ಕಟ್ಟಿದರೆ ನಾನು ಮುಚ್ಚಿಟ್ಟೆ ಎಂದು ಒಪ್ಪಿಕೊಂಡಂತೆ. ನಾನು ಮುಚ್ಚಿಟ್ಟಿರಲಿಲ್ಲ.

ಟೀಗರನ್ನು ಕೇಳೋಣವೆನಿಸಿತು. ಪತ್ರ ಬರೆಯಬಹುದಿತ್ತು. ಆದರೆ ಆ ದಿನ ನನಗೆ ಒಂದು ದನಿ ಬೇಕಿತ್ತು. ಅವರ ನಂಬರು ಒತ್ತಿದೆ.

"ಹಲೋ?" ಅದೇ ಮೆಲುದನಿ. ಹಿಂದೆ ಟಿವಿಯ ಸದ್ದು, ಮಕ್ಕಳ ಗಲಾಟೆ.

ನಾನು ಅವರ ಹೆಸರು ಹಿಡಿದು ತಳ್ಳಿದೆ.

"ಹಲೋ? ಯಾರದು? ಹಲೋ?… ಕೇಳ್ಸ್ತಿಲ್ಲ." ಫೋನು ಇಟ್ಟರು.

ಮತ್ತೆ ಮಾಡಿದೆ. ಈ ಸಲ, "ನೋಡಪ್ಪ, ಏನ್ ಮಾರ್ತಿದೀಯೋ ಗೊತ್ತಿಲ್ಲ, ನಮ್ಗೇನೂ ಬೇಡ" ಎಂದು ಇಟ್ಟರು. ಮೂರನೆಯ ಸಲ ನಾನು ಮಾಡಲಿಲ್ಲ. ಬೆಕ್ಕಿಗೆ ಎಲ್ಲವನ್ನೂ ಹೇಳಿದೆ. ಅದು ಅರ್ಧ ಕೇಳಿ ಎದ್ದು ಹೋಯಿತು.

ವಿಚಾರಣೆ ನವೆಂಬರ್ ಕೊನೆಯ ವಾರ. ಸಣ್ಣ ಕೋಣೆ, ಮ್ಯಾಜಿಸ್ಟ್ರೇಟ್ ಲಿಂಡ್‌ಕ್ವಿಸ್ಟ್ ಎಂಬ ತೆಳ್ಳಗಿನ ಹೆಂಗಸು. ಅವಳಿಗೆ ಶೀತವಾಗಿತ್ತು, ಕರವಸ್ತ್ರ ಕೈಯಲ್ಲೇ ಇತ್ತು. ಬ್ರಾಂಟ್ ತನ್ನ ಮಾತು ಹೇಳಿದ, ಸುಳ್ಳು ಏನೂ ಸೇರಿಸಲಿಲ್ಲ. ಒಂದು ನಿಮಿಷದ ಮೇಲೆ ಕಾದೆ, ಆತ ಗೊಣಗುತ್ತಿದ್ದ, ಶಸ್ತ್ರದ ವಿಷಯ ಹೇಳಲಿಲ್ಲ, ನಾನು ಹುಡುಕಿ ತೆಗೆದೆ ಎಂದ.

ಆಮೇಲೆ ಮೇಹ್ಯೂಳ ಎದೆಯ ಮೇಲಿದ್ದ ಕ್ಯಾಮೆರಾದ ವಿಡಿಯೋ ಹಾಕಿದರು.

ನನ್ನನ್ನು ನಾನು ಉಗ್ಗುವಾಗ ನೋಡಿದ್ದು ಅದೇ ಮೊದಲು. ಅವಳು ಪಕ್ಕಕ್ಕೆ ನಿಂತಿದ್ದರಿಂದ ನನ್ನ ಅರ್ಧ ಮುಖ ಕಾಣುತ್ತಿತ್ತು. ಕಿವಿ ಕೆಂಪಾಗಿದೆ. ಕತ್ತಿನ ನರ ಎದ್ದಿದೆ. ಬಾಗಿಲಿಗೆ ಅಂಟಿದ ಎರಡು ಕೈ, ಒಬ್ಬ ಮುದಿ ಮನುಷ್ಯ, ಬಾಯಲ್ಲಿ ಏನನ್ನೋ ಹಿಡಿದುಕೊಂಡು ನಡುಗುತ್ತಿದ್ದಾನೆ. ಇಷ್ಟು ವರ್ಷ ಜನ ನೋಡಿದ್ದು ಇದನ್ನೇ ಎಂದು ಅರ್ಥವಾಗಿ, ಗೋಡೆಯ ಕಡೆ ತಿರುಗಿಕೊಂಡೆ.

"ನಿಲ್ಸಿ" ಎಂದಳು ಮ್ಯಾಜಿಸ್ಟ್ರೇಟ್. "ಸ್ವಲ್ಪ ಹಿಂದಕ್ಕೆ ಹಾಕಿ. ಅದೇನು ಸದ್ದು?"

ಮತ್ತೆ ಹಾಕಿದರು. ಆಫೀಸರ್, ನನಗೆ ಲ್… ಲ್…

"ಅದು ಲೈಸೆನ್ಸ್ ಅನ್ನೋ ಪದ ಮೇಡಂ" ಎಂದಳು ಮೇಹ್ಯೂ, ಎದ್ದು ನಿಂತು. "ನಾವು ಮಾತಾಡ್ಸಿದ್ ಕೂಡ್ಲೇ ಅವ್ರು ಶುರು ಮಾಡಿದ್ರು. ನಂಗೆ ಆಮೇಲೆ ಗೊತ್ತಾಯ್ತು."

ಮ್ಯಾಜಿಸ್ಟ್ರೇಟ್ ಮೂಗೊರೆಸಿಕೊಂಡು ನನ್ನ ಕಡೆ ನೋಡಿದಳು. "ಮಿಸ್ಟರ್ ವೊಯ್ಟಾಸ್, ನೀವೇನ್ ಹೇಳ್ತೀರಿ? ಅವಸರ ಇಲ್ಲ. ಇವತ್ತು ಇದಾದ್ಮೇಲೆ ಬೇರೆ ಕೇಸಿಲ್ಲ."

ಮನೆಯಲ್ಲಿ ಎರಡು ಪುಟ ಬರೆದುಕೊಂಡು ಬಂದಿದ್ದೆ, ಮೂಳೆ ಮುರಿದದ್ದರಿಂದ ಹಿಡಿದು. ಎದ್ದು ನಿಂತೆ. ಕಾಗದ ಬಿಚ್ಚಲಿಲ್ಲ. ಹೇಳಬೇಕಾದದ್ದು ಎರಡೇ ಮಾತು. ಎಷ್ಟು ಹೊತ್ತು ಹಿಡಿಯಿತೆಂದು ನಾನು ಗಡಿಯಾರ ನೋಡಲಿಲ್ಲ. ಕೋಣೆಯಲ್ಲಿ ಬಿಸಿ ಗಾಳಿಯ ಕೊಳವೆ ಟಕ್ ಟಕ್ ಎನ್ನುತ್ತಿತ್ತು, ಬ್ರಾಂಟ್ ತನ್ನ ಬೂಟು ನೋಡಿಕೊಳ್ಳುತ್ತಿದ್ದ. ನನ್ನ ಬದಲು ಯಾರೂ ಪದ ಹೇಳಿಕೊಡಲಿಲ್ಲ.

"ನಾನು ಹೇ… ಹೇಳ್ತಾ ಇದ್ದೆ. ಹೇಳಿ ಮ್… ಮ್… ಮುಗ್ದಿರ್ಲಿಲ್ಲ."

ಅವಳು ಏನೋ ಬರೆದುಕೊಂಡಳು. "ತಕ್ಷಣ ತಿಳಿಸ್ಬೇಕು ಅಂತಿದೆ ಕಾನೂನು. ಶುರು ಮಾಡ್ಬೇಕು ಅಂತ ನಾನು ಅರ್ಥ ಮಾಡ್ಕೋತೀನಿ. ಮುಗ್ಸೋದು ಅವರವರ ಬಾಯಿಗೆ ಬಿಟ್ಟಿದ್ದು. ಆರೋಪ ವಜಾ."

ಹೊರಗೆ ಕಾರಿಡಾರಿನಲ್ಲಿ ಬ್ರಾಂಟ್ ಟೋಪಿ ಕೈಯಲ್ಲಿ ಹಿಡಿದು ನನ್ನ ಹತ್ತಿರ ಬಂದ. "ನಂಗೆ ಗೊತ್ತಾಗ್ಲಿಲ್ಲ ಸರ್. ನಿಜವಾಗ್ಲೂ." ನಾನು ಅವನ ತೋಳು ತಟ್ಟಿದೆ. ಅವನು ಹೋದ ಮೇಲೆ ಮೇಹ್ಯೂ ಬಂದಳು.

"ನಾನು ಅವತ್ತೇ ಅವನನ್ನ ತಡೀಬೇಕಿತ್ತು" ಎಂದಳು. "ನಿಮ್ಮ ದವಡೆ ನೋಡ್ದಾಗ್ಲೇ ನಂಗೆ ಅನುಮಾನ ಬಂತು. ಆದ್ರೂ ತಡೀಲಿಲ್ಲ."

ಪರವಾಗಿಲ್ಲ, ಇವತ್ತು ಬಂದಿರಲ್ಲ, ಅದೇ ದೊಡ್ಡದು, ಎಂದು ಹೇಳಬೇಕೆಂದುಕೊಂಡೆ. 'ಪ' ತುಟಿಯಲ್ಲಿ ಕೂತಿತು. ಅವಳು ಕಾದಳು. ನಿಜವಾಗಿಯೂ ಕಾದಳು. ಅಷ್ಟರಲ್ಲಿ ಅವಳ ಭುಜದ ರೇಡಿಯೋ ಕರೆಯಿತು, ಎಲ್ಲೋ ಅಪಘಾತ. "ಕ್ಷಮ್ಸಿ, ಹೋಗ್ಬೇಕು" ಎಂದು ಓಡುನಡಿಗೆಯಲ್ಲಿ ಹೋದಳು. ಅವಳು ಬಾಗಿಲು ದಾಟಿದ ಮೇಲೆ ನನ್ನ ಮಾತು ಹೊರಬಂತು.

ಪಿಸ್ತೂಲನ್ನು ಠಾಣೆಯಲ್ಲಿ ಕಾಗದದ ಚೀಲದಲ್ಲಿ ಹಾಕಿ ಕೊಟ್ಟರು. ಸಹಿ ಮಾಡಿ ತೆಗೆದುಕೊಂಡೆ. ಅದು ಈಗ ಅಂಗಡಿಯ ತಿಜೋರಿಯಲ್ಲಿದೆ. ಅದೇ ವಾರ ಅಮೀನನಿಗೆ ಕಾಗದ ಬರೆದು, ಮನೆ ಖಾಲಿ ಮಾಡಿಸುವ ಕೆಲಸಕ್ಕೆ ಇನ್ನು ಬೇರೆಯವರನ್ನು ನೋಡಿಕೊಳ್ಳಿ ಎಂದೆ. ಹೆದರಿ ಬಿಟ್ಟೆನೇ ಎಂದು ಕೇಳಿದರೆ, ಸ್ವಲ್ಪ ಹೌದು. ಹೆಚ್ಚಾಗಿ, ಯಾರಾದರೂ ಎದುರು ಬಂದಾಗ ನಾನು ಆಡಬೇಕಾದ ಮೊದಲ ಮಾತು ಪಿಸ್ತೂಲಿನದೇ ಆಗಿರುವುದು ನನಗೆ ಸಾಕಾಗಿತ್ತು.

ಇದೆಲ್ಲ ಆಮೇಲಿನ ಮಾತು. ಆ ದಿನ ಠಾಣೆಯಿಂದ ಹೊರಬಿದ್ದಾಗ ಹನ್ನೊಂದೂವರೆ. ಗೆದ್ದಿದ್ದೆ, ಆದರೆ ಎಲ್ಲಿಗೆ ಹೋಗಬೇಕೆಂದು ತೋಚಲಿಲ್ಲ. ಚೀಲವನ್ನು ವ್ಯಾನಿನಲ್ಲಿಟ್ಟು ಬೀಗ ಹಾಕಿ, ಎದುರುಗಡೆಯ ಸಣ್ಣ ಹೋಟೆಲಿಗೆ ಹೋದೆ. ಊಟದ ಹೊತ್ತಾಗಿರಲಿಲ್ಲ, ಒಳಗೆ ಯಾರೂ ಇರಲಿಲ್ಲ. ಅರವತ್ತರ ಹೆಂಗಸೊಬ್ಬಳು ಬಟ್ಟೆ ಹಿಡಿದು ಮೇಜು ಒರೆಸುತ್ತಿದ್ದಳು. ಹಲಗೆಯ ಮೇಲೆ ಬರೆದಿದ್ದ ಬಾರ್ಲಿ ಸೂಪಿನ ಕಡೆ ಬೆರಳು ತೋರಿಸಿದೆ. ತಂದಿಟ್ಟಳು.

"ಬೇರೆ ಏನಾದ್ರೂ?" ಎಂದಳು.

ಏನೂ ಬೇಡವಾಗಿತ್ತು. "ಇವತ್ತು ನಾ… ನಾನು ಒಂದು ಕ್… ಕ್… ಕ್…" ಎಂದು ಶುರು ಮಾಡಿಬಿಟ್ಟೆ. ಯಾಕೆ ಶುರು ಮಾಡಿದೆನೋ. ಅವಳು ಬಟ್ಟೆ ಹಿಡಿದುಕೊಂಡು ನಿಂತಳು. ಗಿರಾಕಿ ಇರಲಿಲ್ಲವಾದ್ದರಿಂದ ನಿಂತಳೋ, ಅವಳ ಸ್ವಭಾವವೇ ಹಾಗೋ. "ಕೇಸು ಗೆದ್ದೆ."

"ಹೌದಾ! ಒಳ್ಳೇದಾಯ್ತು ಬಿಡಪ್ಪ" ಎಂದಳು. "ಉಪ್ಪು ಬಿಸ್ಕತ್ತು ಕೊಡ್ಲಾ ಸೂಪಿಗೆ?"

ತಲೆಯಾಡಿಸಿದೆ. ಎರಡು ಪೊಟ್ಟಣ ತಂದಿಟ್ಟು ಒಳಗೆ ಹೋದಳು. ಸೂಪು ಬಿಸಿಯಾಗಿತ್ತು. ಮುಗಿಸಿದ ಮೇಲೆ ಅವಳನ್ನು ಮತ್ತೆ ಕರೆದು ಇನ್ನೊಂದು ಬಟ್ಟಲು ಹಾಕಿಸಿಕೊಂಡೆ. ಹಸಿವಿತ್ತೆಂದಲ್ಲ.